ಹಡಗು ಬಂತು, ಸರಕು ಎಲ್ಲಿ?

"ಹಡಗು ನಿನ್ನೆಯೇ ಬಂದಿದೆಯಂತಲ್ಲ, ನಮ್ಮ ಕಂಟೇನರ್ ಇನ್ನೂ ಯಾಕೆ ಸಿಕ್ಕಿಲ್ಲ?" ಬಂದರಿನ ಯಾರ್ಡಿನಲ್ಲಿ ಯಾವ ಕಂಟೇನರ್ ಎಲ್ಲಿ ಕೂರಬೇಕೆಂದು ಗೊತ್ತುಮಾಡುವ ಕೆಲಸದಲ್ಲಿ ಇದ್ದಷ್ಟು ಕಾಲವೂ ನನಗೆ ಎದುರಾಗುತ್ತಿದ್ದ ಪ್ರಶ್ನೆ ಇದು. ಕೇಳುವವರ ತಪ್ಪೇನಿಲ್ಲ. ಹಡಗು ಎಲ್ಲಿದೆ ಎಂಬುದು ಈಗ ಮೊಬೈಲಿನಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಆ ಚುಕ್ಕೆ ದಡ ಮುಟ್ಟಿದರೆ ಸರಕು ಕೈ ಸೇರಿದಂತೆಯೇ ಎಂದು ಯಾರಿಗಾದರೂ ಅನ್ನಿಸುತ್ತದೆ.

ದಕ್ಕೆಯ ಮೇಲಿನ ಕೆಲಸ ನೋಡಲು ಬಲು ಚೆಂದ. ಕ್ರೇನಿನಿಂದ ಇಳಿದ ಉಕ್ಕಿನ ಚೌಕಟ್ಟು ಕಂಟೇನರಿನ ನಾಲ್ಕು ಮೂಲೆಗಳ ಮೇಲೆ ಕೂರುತ್ತದೆ, ಮೂಲೆಯ ಬೀಗಗಳು ಕಾಲು ಸುತ್ತು ತಿರುಗುತ್ತವೆ, ಹತ್ತಾರು ಟನ್ ತೂಕದ ಪೆಟ್ಟಿಗೆ ಮೇಲೇಳುತ್ತದೆ. ಅದು ದಡದ ಕಡೆ ಬರುವಷ್ಟರಲ್ಲಿ ಕೆಳಗೆ ಲಾರಿ ಕಾದಿರುತ್ತದೆ. ನುರಿತ ಚಾಲಕ ಗಂಟೆಗೆ 25ರಿಂದ 30 ಪೆಟ್ಟಿಗೆ ಇಳಿಸುತ್ತಾನೆ. ಬಂದರುಗಳ ಜಾಹೀರಾತಿನಲ್ಲಿ ಬರುವುದೆಲ್ಲ ಈ ಕ್ರೇನುಗಳ ಚಿತ್ರವೇ. ಆದರೆ ನಾನು ಕಂಡ ವಿಳಂಬಗಳಲ್ಲಿ ಕ್ರೇನಿನ ಪಾಲು ಬಹಳ ಕಡಿಮೆ. ಸರಕು ನಿಲ್ಲುವುದು ದಕ್ಕೆಗೂ ಹೆದ್ದಾರಿಗೂ ನಡುವಿನ ಆ ಒಂದೆರಡು ಕಿಲೋಮೀಟರಿನಲ್ಲಿ.

ಒಂದು ಲೆಕ್ಕ ನೋಡಿ. ದೊಡ್ಡ ಹಡಗೊಂದು 4,000 ಕಂಟೇನರ್ ಇಳಿಸಿತು ಎಂದುಕೊಳ್ಳೋಣ. ಮೂರು ದಿನಕ್ಕೆ ಇನ್ನೊಂದು ಹಡಗು ಬರಲಿದೆ. ಅಷ್ಟರೊಳಗೆ ಎಲ್ಲವೂ ಒಂದೊಂದು ಲಾರಿಯಲ್ಲಿ ಒಂದೊಂದರಂತೆ ಹೊರಬೀಳಬೇಕಾದರೆ ಹಗಲಿರುಳೂ ಗಂಟೆಗೆ ಸುಮಾರು 56 ಲಾರಿ ಗೇಟು ದಾಟಬೇಕು, ಹೆಚ್ಚುಕಡಿಮೆ ನಿಮಿಷಕ್ಕೊಂದು. ರಫ್ತಿನ ಸರಕು ತರುವ ಲಾರಿಗಳ ಲೆಕ್ಕ ಬೇರೆಯೇ ಇದೆ. ಇಷ್ಟಾಗಿ ಸರಕು ಇಳಿಸಿಕೊಳ್ಳಬೇಕಾದ ಗೋದಾಮುಗಳು ರಾತ್ರಿ ಬಾಗಿಲು ಹಾಕಿರುತ್ತವೆ. ಹಾಗಾಗಿ ಮಧ್ಯರಾತ್ರಿ ಗೇಟು ಬಿಕೋ ಎನ್ನುತ್ತದೆ, ಬೆಳಗಾದರೆ ಸಾಲು ರಸ್ತೆಯುದ್ದಕ್ಕೂ ಚಾಚಿಕೊಂಡಿರುತ್ತದೆ.

ಯಾರ್ಡಿನ ಒಳಗಿನ ಕಥೆ ಇನ್ನೂ ಸ್ವಾರಸ್ಯದ್ದು. ರಫ್ತಿನ ಪೆಟ್ಟಿಗೆಗಳನ್ನು ಅಚ್ಚುಕಟ್ಟಾಗಿ ಜೋಡಿಸಬಹುದು. ಯಾವ ಹಡಗಿಗೆ ಹೋಗಬೇಕು, ಯಾವ ಬಂದರಿನಲ್ಲಿ ಇಳಿಯಬೇಕು, ತೂಕವೆಷ್ಟು ಎಂಬುದೆಲ್ಲ ಮೊದಲೇ ತಿಳಿದಿರುತ್ತದೆ. ಆಮದಿನ ಪೆಟ್ಟಿಗೆಗಳದ್ದು ಹಾಗಲ್ಲ. ಯಾರ ಕಸ್ಟಮ್ಸ್ ಕಾಗದ ಮೊದಲು ಮುಗಿಯುತ್ತದೆ, ಯಾರ ಲಾರಿ ಮೊದಲು ಬರುತ್ತದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಐದು ಅಂತಸ್ತಿನ ಅಟ್ಟಿಯಲ್ಲಿ ನಿಮ್ಮದು ತೀರಾ ಕೆಳಗಿದ್ದರೆ ಮೇಲಿನ ನಾಲ್ಕನ್ನು ಎತ್ತಿ ಬೇರೆ ಕಡೆ ಇಡಬೇಕು. ಆ ನಾಲ್ಕಕ್ಕೆ ಜಾಗ ಬೇಕಲ್ಲ! ಯಾರ್ಡು ಮುಕ್ಕಾಲು ಭಾಗ ತುಂಬುವವರೆಗೆ ಇದು ತೊಡಕೆನಿಸುವುದಿಲ್ಲ. ಅಲ್ಲಿಂದಾಚೆಗೆ ಎತ್ತಿದ್ದನ್ನೇ ಎತ್ತುವುದು, ಇಟ್ಟದ್ದನ್ನೇ ಮತ್ತೆ ತೆಗೆಯುವುದು ಶುರುವಾಗುತ್ತದೆ. ಯಂತ್ರಗಳು ಪುರಸೊತ್ತಿಲ್ಲದೆ ದುಡಿಯುತ್ತಿರುತ್ತವೆ, ಹೊರಗೆ ಹೋಗುವ ಲಾರಿ ಮಾತ್ರ ಕಾಣುವುದಿಲ್ಲ.

ಇದಕ್ಕೆ ಹಲವು ಬಂದರುಗಳು ಕಂಡುಕೊಂಡ ದಾರಿ ಎಂದರೆ ಲಾರಿಗೆ ಮುಂಗಡವಾಗಿ ಸಮಯ ಗೊತ್ತುಮಾಡುವುದು. ಯಾವ ಕಂಟೇನರಿಗೆ ಎಷ್ಟು ಗಂಟೆಗೆ ಲಾರಿ ಬರುತ್ತದೆ ಎಂದು ಹಿಂದಿನ ದಿನವೇ ತಿಳಿದರೆ ಸಾಕು, ರಾತ್ರಿ ಬಿಡುವಿದ್ದಾಗ ಅದನ್ನು ಅಗೆದು ಮೇಲಕ್ಕೆ ತಂದಿಡಬಹುದು. ಲಾರಿ ಮಾಲೀಕರು ಇದನ್ನು ವಿರೋಧಿಸುತ್ತಾರೆ. ಲಾರಿ ಅರ್ಧ ಗಂಟೆ ತಡವಾದರೆ ದಂಡ ಹಾಕುವ ಬಂದರು, ಅದೇ ಲಾರಿಯನ್ನು ಒಳಗೆ ಮೂರು ಗಂಟೆ ಕಾಯಿಸಿದರೆ ಏನು ಕೊಡುತ್ತದೆ ಎಂಬುದು ಅವರ ಪ್ರಶ್ನೆ. ಬಂದರಿನ ಪರವಾಗಿ ಆ ಸಭೆಗಳಲ್ಲಿ ಕುಳಿತವನಾದರೂ ಹೇಳುತ್ತೇನೆ, ನ್ಯಾಯ ಅವರ ಕಡೆಗೇ ಇದೆ.

ಹೊಸಬರು ಪೆಟ್ಟು ತಿನ್ನುವ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ತುಂಬಿದ ಕಂಟೇನರ್ ಉಚಿತ ದಿನಗಳು ಕಳೆದ ಮೇಲೂ ಯಾರ್ಡಿನಲ್ಲೇ ಉಳಿದರೆ ಬೀಳುವ ಶುಲ್ಕ ಡೆಮರೇಜ್. ಹೊರಗೆ ಒಯ್ದ ಕಂಟೇನರನ್ನು ಖಾಲಿ ಮಾಡಿ ಹೊತ್ತಿಗೆ ಸರಿಯಾಗಿ ಹಿಂದಿರುಗಿಸದಿದ್ದರೆ ಬೀಳುವ ಶುಲ್ಕ ಡಿಟೆನ್ಷನ್. ಡೆಮರೇಜ್ ತಪ್ಪಿಸಿಕೊಳ್ಳಲು ಅವಸರದಲ್ಲಿ ಪೆಟ್ಟಿಗೆ ಬಿಡಿಸಿಕೊಂಡು, ಇಳಿಸಲು ಜಾಗವಿಲ್ಲದೆ ಅಂಗಳದಲ್ಲಿ ನಿಲ್ಲಿಸಿಕೊಂಡು ಡಿಟೆನ್ಷನ್ ಕಟ್ಟಿದವರನ್ನು ಬಹಳ ಕಂಡಿದ್ದೇನೆ. ಎರಡಕ್ಕೂ ದಿನ ಎಣಿಸುವ ಕ್ರಮ ಒಪ್ಪಂದದಿಂದ ಒಪ್ಪಂದಕ್ಕೆ ಬೇರೆ. ರಜಾದಿನ ಲೆಕ್ಕಕ್ಕೆ ಬರುತ್ತದೆಯೇ ಎಂದು ಸರಕು ಹೊರಡುವ ಮೊದಲೇ ಕೇಳಿಕೊಳ್ಳಿ.

ಇಷ್ಟೆಲ್ಲ ತಾಪತ್ರಯ ಯಾಕೆ, ರೈಲು ಇದೆಯಲ್ಲ ಎನ್ನಬಹುದು. ದೂರ ಹೆಚ್ಚಿದ್ದು ಸರಕು ಒಂದೇ ದಿಕ್ಕಿಗೆ ಹೋಗುವುದಾದರೆ ರೈಲಿಗೆ ಸಾಟಿಯಿಲ್ಲ. ಆದರೆ ಹಳಿ ಯಾರ್ಡಿನ ಒಳಗೇ ಬಂದಿದೆಯೇ ಎಂದು ಮೊದಲು ನೋಡಬೇಕು. ಹಳಿ ಹೊರಗಿದ್ದರೆ ಅಲ್ಲಿಗೊಂದು ಲಾರಿ, ಇನ್ನೊಂದು ಎತ್ತುವಿಕೆ, ಇನ್ನೊಂದು ಬಿಲ್ಲು. ಹಳಿ ಎಲ್ಲಿಯವರೆಗೆ ಹೋಗಿದೆ ಎಂಬುದೂ ಅಷ್ಟೇ ಮುಖ್ಯ. ನೆದರ್ಲೆಂಡ್ಸ್ ದೇಶವು ರಾಟರ್‌ಡ್ಯಾಮ್ ಬಂದರಿನಿಂದ ಜರ್ಮನಿಯ ಗಡಿಯವರೆಗೆ ಸರಕಿಗೆಂದೇ ಸುಮಾರು 160 ಕಿಲೋಮೀಟರ್ ಉದ್ದದ ಬೆಟುವೆ ಮಾರ್ಗವನ್ನು ಹಾಕಿ 2007ರಲ್ಲಿ ತೆರೆಯಿತು. ಗಡಿಯಾಚೆ ಮೊದಲೇ ಇದ್ದ ಎರಡು ಹಳಿಗಳ ಪಕ್ಕದಲ್ಲಿ ಅದಕ್ಕೆ ಹೊಂದುವಂತೆ ಬರಬೇಕಿದ್ದ ಮೂರನೆಯ ಹಳಿ ಮಾತ್ರ ವರ್ಷಗಟ್ಟಲೆ ಸಿದ್ಧವಾಗಲಿಲ್ಲ. ಹೊಸ ಮಾರ್ಗದಲ್ಲಿ ಸಲೀಸಾಗಿ ಬಂದ ಗೂಡ್ಸ್ ರೈಲು ಅಲ್ಲಿ ಪ್ರಯಾಣಿಕರ ರೈಲುಗಳ ನಡುವೆ ಸಂದಿ ಹುಡುಕಬೇಕಾಯಿತು. ಅದೇ ಬಂದರಿಗೆ ರೈನ್ ನದಿಯ ದೋಣಿಗಳ ಆಸರೆಯೂ ಇದೆ, ಆದರೆ ನದಿ ಮಳೆಯ ಮಾತು ಕೇಳುತ್ತದೆ. 2018ರ ಅಕ್ಟೋಬರಿನಲ್ಲಿ ಕೌಬ್ ಎಂಬಲ್ಲಿನ ಅಳತೆಗೋಲು 25 ಸೆಂಟಿಮೀಟರಿಗೆ ಇಳಿದಿತ್ತು. ಅಲ್ಲಿ ನದಿಯ ಆಳವೇ ಅಷ್ಟು ಎಂದಲ್ಲ, ಅದು ಅಳತೆಗೋಲಿನ ಸೊನ್ನೆಯಿಂದ ಎಣಿಸಿದ್ದು. ಆದರೂ ತುಂಬಿದ ದೋಣಿ ದಾಟಲು ಅದು ಸಾಲದು. ಆ ದಿನಗಳಲ್ಲಿ ದೋಣಿಗಳು ತಮ್ಮ ಸಾಮರ್ಥ್ಯದ ಒಂದಂಶವನ್ನಷ್ಟೇ ಹೊತ್ತು ಸಾಗಿದವು.

ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳು ಹಳಿಯ ವಿಷಯದಲ್ಲಿ ಜಾಣತನ ತೋರಿದವು. 2002ರಲ್ಲಿ ತೆರೆದ ಸುಮಾರು 32 ಕಿಲೋಮೀಟರಿನ ಸರಕು ರೈಲುಮಾರ್ಗವಾದ ಅಲಮೇಡಾ ಕಾರಿಡಾರ್‌ನ ಅರ್ಧ ಭಾಗ ಊರಿನ ನಡುವೆ ತೋಡಿದ ಕಂದಕದಲ್ಲಿದೆ. 200ಕ್ಕೂ ಹೆಚ್ಚು ಕಡೆ ರಸ್ತೆ ಮತ್ತು ಹಳಿ ಒಂದನ್ನೊಂದು ಅಡ್ಡಗಟ್ಟುವುದು ತಪ್ಪಿತು. ಹೀಗಿದ್ದೂ 2022ರ ಜನವರಿಯಲ್ಲಿ ಅದೇ ಬಂದರುಗಳಿಗೆ ಸರದಿ ಕಾಯುತ್ತಿದ್ದ ಕಂಟೇನರ್ ಹಡಗುಗಳ ಸಂಖ್ಯೆ ನೂರು ದಾಟಿತ್ತು. ಸರಕು ಮಿತಿಮೀರಿ ಬಂದಿತ್ತು, ಗೋದಾಮುಗಳು ಭರ್ತಿಯಾಗಿದ್ದವು, ಕಂಟೇನರ್ ಹೊರುವ ಟ್ರೇಲರುಗಳು ಆ ಗೋದಾಮುಗಳ ಮುಂದೆಯೇ ಸಿಕ್ಕಿಬಿದ್ದಿದ್ದವು. ಕಟ್ಟಿಕೊಂಡದ್ದು ಒಳನಾಡಿನಲ್ಲಿ, ತುಂಬಿ ನಿಂತದ್ದು ಸಮುದ್ರದಲ್ಲಿ.

ಧಾನ್ಯ, ಸಿಮೆಂಟಿನಂತಹ ಬಿಡಿ ಸರಕಿನ ಕಷ್ಟಗಳು ಬೇರೆ. ಮಳೆ ಹನಿಯಿತೆಂದರೆ ಹಡಗಿನ ಮುಚ್ಚಳ ಹಾಕಿ ಕೈಕಟ್ಟಿ ಕೂರಬೇಕು. ಆದರೆ ದಾರಿ ಎಂದರೇನು ಎಂಬುದನ್ನು ನನಗೆ ಸರಿಯಾಗಿ ಕಲಿಸಿದ್ದು ಒಂದು ವಿದ್ಯುತ್ ಟ್ರಾನ್ಸ್‌ಫಾರ್ಮರ್. ಇನ್ನೂರು ಟನ್‌ಗೂ ಮಿಕ್ಕಿದ ಅದನ್ನು ಹಡಗಿನಿಂದ ಇಳಿಸಲು ಒಂದು ಬೆಳಗ್ಗೆ ಸಾಕಾಯಿತು. ಆಮೇಲೆ ಗೇಟಿನಿಂದ ಕೂಗಳತೆಯಲ್ಲಿದ್ದ ಸೇತುವೆ ಆ ಭಾರ ತಾಳದು ಎಂದು ತಿಳಿಯಿತು. ಸೇತುವೆಯನ್ನು ಬಲಪಡಿಸುವವರೆಗೆ, ಹನ್ನೊಂದು ವಾರ, ಅದು ಟಾರ್ಪಾಲಿನ್ ಹೊದ್ದು ಯಾರ್ಡಿನ ಮೂಲೆಯಲ್ಲಿ ಕುಳಿತಿತ್ತು. ಕೊನೆಗೆ ಒಂದು ರಾತ್ರಿ ಸಾಲು ಸಾಲು ಚಕ್ರಗಳ ಟ್ರೇಲರಿನ ಮೇಲೆ ಹೊರಟಿತು, ಮನುಷ್ಯ ನಡೆಯುವ ವೇಗದಲ್ಲಿ. ಮುಂದೆ ಒಬ್ಬ ಉದ್ದನೆಯ ಕೋಲಿನಿಂದ ತಂತಿಗಳನ್ನು ಎತ್ತಿ ಹಿಡಿಯುತ್ತ ನಡೆಯುತ್ತಿದ್ದ. ಸೇತುವೆಯ ಆಚೆ ತುದಿ ಮುಟ್ಟಿದಾಗ ಅವನು ಕೋಲು ಒರಗಿಸಿ ಬೀಡಿ ಹಚ್ಚಿದ. ನಾವು ಆ ಮೂಲೆಯ ಜಾಗದಲ್ಲಿ ಕಂಟೇನರ್ ಜೋಡಿಸಲು ಶುರುಮಾಡಿದೆವು.