ಒಂದೇ ತೂಕದ ಇಬ್ಬರು ಮಕ್ಕಳು: ಅಂಗನವಾಡಿಯಲ್ಲಿ ಬೆಳವಣಿಗೆ ಅಳೆಯುವ ಪಾಠ

ಮಂಡ್ಯ, ಮೈಸೂರು ಕಡೆ ಪೂರ್ವ ಪ್ರಾಥಮಿಕ ಶಿಕ್ಷಣ ಓದುತ್ತಿರುವವರಿಗೆ ಈ ಟಿಪ್ಪಣಿ. ಇತಿಹಾಸ ಒಂದು ಸಾಲು ಸಾಕು: ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ಕರ್ನಾಟಕದಲ್ಲಿ ಮೊದಲು ನಮ್ಮ ಟಿ. ನರಸೀಪುರದಲ್ಲಿ. ಲಸಿಕೆ ಪಟ್ಟಿ ಬಾಯಿಪಾಠ ಮಾಡಿದರೆ ಬರುತ್ತದೆ. ತಲೆ ತಿನ್ನುವುದು ಬೆಳವಣಿಗೆ ಅಳೆಯುವ ಪಾಠ.

ಅಳತೆ ಮೂರು. ವಯಸ್ಸಿಗೆ ತಕ್ಕ ತೂಕ, ವಯಸ್ಸಿಗೆ ತಕ್ಕ ಎತ್ತರ, ಎತ್ತರಕ್ಕೆ ತಕ್ಕ ತೂಕ. ಎಸ್‌ಡಿ ಅಂದರೆ ಆರೋಗ್ಯವಂತ ಮಕ್ಕಳ ಸರಾಸರಿಯಿಂದ ಎಷ್ಟು ದೂರ ಎಂದು ಹೇಳುವ ಅಳತೆ. ಮೂರಕ್ಕೂ ಗೆರೆ ಒಂದೇ ರೀತಿ: ಮೈನಸ್ 2 ಎಸ್‌ಡಿಗಿಂತ ಕೆಳಗಿದ್ದರೆ ಕೊರತೆ, ಮೈನಸ್ 3ಕ್ಕಿಂತ ಕೆಳಗಿದ್ದರೆ ತೀವ್ರ ಕೊರತೆ. ಇಷ್ಟು ಓದಿದಾಗ ಎಲ್ಲಾ ಅರ್ಥವಾದಂತೆಯೇ ಇರುತ್ತದೆ. ಆದರೆ ತೂಕ ಒಂದನ್ನೇ ನೋಡಿದರೆ ಸಾಲದೆ, ಮೂರು ಯಾಕೆ ಬೇಕು?

ನನಗೆ ಇದು ಬಿಡಿಸಿಕೊಂಡದ್ದು ಒಂದು ಲೆಕ್ಕದಿಂದ. ಸರಿಯಾಗಿ 3 ವರ್ಷದ ಇಬ್ಬರು ಗಂಡು ಮಕ್ಕಳು ಅಂದುಕೊಳ್ಳಿ. ಇಬ್ಬರ ತೂಕವೂ 10.8 ಕೆ.ಜಿ. ಈ ವಯಸ್ಸಿಗೆ ತೂಕದ ಮೈನಸ್ 2 ಗೆರೆ 11.3 ಕೆ.ಜಿ., ಮೈನಸ್ 3 ಗೆರೆ 10.0. ಅಂದರೆ ತಾಯಿ ಕಾರ್ಡಿನ ಚಾರ್ಟಿನಲ್ಲಿ ಇಬ್ಬರೂ ಹಳದಿ ಪಟ್ಟಿಯಲ್ಲೇ ಬರುತ್ತಾರೆ, ಒಂದೇ ಚುಕ್ಕಿಯಲ್ಲಿ.

ಈಗ ಎತ್ತರ ನೋಡಿ. ಮೊದಲನೆಯವನು 87 ಸೆಂ.ಮೀ. 3 ವರ್ಷಕ್ಕೆ ಎತ್ತರದ ಮೈನಸ್ 2 ಗೆರೆ 88.7, ಹಾಗಾಗಿ ಇವನ ಬೆಳವಣಿಗೆ ಕುಂಠಿತ. ಆದರೆ 87 ಸೆಂ.ಮೀ. ಎತ್ತರಕ್ಕೆ 10.8 ಕೆ.ಜಿ. ಕಡಿಮೆಯಲ್ಲ, ಮೈನಸ್ 2 ಗೆರೆಯ ಮೇಲೆಯೇ ಇದೆ. ಎರಡನೆಯವನು 96 ಸೆಂ.ಮೀ., ವಯಸ್ಸಿಗೆ ಸರಿಯಾದ ಎತ್ತರ. ಆ ಎತ್ತರಕ್ಕೆ ಮಾತ್ರ 10.8 ಕೆ.ಜಿ. ತೀರಾ ಕಡಿಮೆ, ಮೈನಸ್ 3ಕ್ಕಿಂತ ಕೆಳಗೆ. ಇವನು ಸ್ಯಾಮ್, ಅಂದರೆ ತೀವ್ರ ಅಪೌಷ್ಟಿಕತೆ. ಜೀವಕ್ಕೇ ಅಪಾಯ. ಇವನನ್ನು ಈಗಲೇ ವೈದ್ಯರಿಗೆ ತೋರಿಸಬೇಕು. ಹಸಿವಿಲ್ಲದಿದ್ದರೆ ಅಥವಾ ಬೇರೆ ಕಾಯಿಲೆ ಇದ್ದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಮೊದಲನೆಯವನದು ಬಹಳ ದಿನದ ಕೊರತೆ: ಗರ್ಭದಿಂದ 2 ವರ್ಷದವರೆಗಿನ ಊಟ, ಮತ್ತೆ ಮತ್ತೆ ಬಂದ ಕಾಯಿಲೆ. ಒಂದೆರಡು ತಿಂಗಳು ಜಾಸ್ತಿ ತಿನ್ನಿಸಿದರೆ ಎತ್ತರ ಬರುವುದಿಲ್ಲ. ಒಂದೇ ಹಳದಿ ಚುಕ್ಕಿ, ಆದರೆ ಮಾಡಬೇಕಾದ ಕೆಲಸ ಬೇರೆ ಬೇರೆ!

ನನಗೆ ಇನ್ನೂ ಇಷ್ಟವಾದ ವಿಷಯ: ಎತ್ತರಕ್ಕೆ ತಕ್ಕ ತೂಕಕ್ಕೆ ಹುಟ್ಟಿದ ದಿನಾಂಕವೇ ಬೇಡ. ನಮ್ಮ ಕಡೆ ಆಲೆಮನೆಗೆ, ಕಬ್ಬು ಕಡಿಯಲು ಹೊರಗಿನಿಂದ ಬಂದ ಕುಟುಂಬದ ಮಗು ಅಂಗನವಾಡಿಗೆ ಬಂತು ಅನ್ನಿ. ತಾಯಿ ಕಾರ್ಡ್ ಊರಲ್ಲೇ ಉಳಿದಿದೆ. ವಯಸ್ಸು ಕೇಳಿದರೆ 'ಎರಡೋ ಮೂರೋ' ಅನ್ನುತ್ತಾರೆ. ವಯಸ್ಸಿನ ಎರಡೂ ಚಾರ್ಟು ಅಲ್ಲಿ ನಿಂತುಹೋಗುತ್ತವೆ. ಎತ್ತರಕ್ಕೆ ತಕ್ಕ ತೂಕ ನಿಲ್ಲುವುದಿಲ್ಲ. ತೋಳಿನ ಸುತ್ತಳತೆ ನೋಡುವ ಪಟ್ಟಿಯೂ ಹಾಗೆಯೇ: 6 ತಿಂಗಳಿಂದ 5 ವರ್ಷದೊಳಗಿನ ಯಾವ ಮಗುವಿಗಾದರೂ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ಸ್ಯಾಮ್; 12.5ರೊಳಗೆ ಹಳದಿ. ಎಡ ತೋಳು, ಭುಜ ಮತ್ತು ಮೊಣಕೈ ನಡುವಿನ ಮಧ್ಯಭಾಗ. ಮಧ್ಯ ಗುರುತಿಸುವಾಗ ಮೊಣಕೈ ಮಡಚಬೇಕು, ಅಳೆಯುವಾಗ ಕೈ ಇಳಿಬಿಡಬೇಕು. ಎತ್ತರಕ್ಕೆ ತಕ್ಕ ತೂಕ, ತೋಳಿನ ಪಟ್ಟಿ ಈ ಎರಡು ಅಳತೆಯಲ್ಲಿ ಒಂದು ಸ್ಯಾಮ್ ಎಂದರೂ ಸ್ಯಾಮ್ ಎಂದೇ ಹಿಡಿಯಬೇಕು.

ಎತ್ತರದ ಬಗ್ಗೆ ಪರೀಕ್ಷೆಗೆ ಬರುವ ಮಾತು: 2 ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ದೊಡ್ಡದನ್ನು ನಿಲ್ಲಿಸಿ. ಮಲಗಿದಾಗ ಅಳತೆ ಸ್ವಲ್ಪ ಜಾಸ್ತಿ ಬರುತ್ತದೆ. ಹಾಗಾಗಿ ದೊಡ್ಡ ಮಗುವನ್ನು ಮಲಗಿಸಿ ಅಳೆದಿದ್ದರೆ 0.7 ಸೆಂ.ಮೀ. ಕಳೆಯಬೇಕು, ಚಿಕ್ಕದನ್ನು ನಿಲ್ಲಿಸಿದ್ದರೆ ಕೂಡಬೇಕು.

ಪಾದದ ಬಾವು ಮರೆಯಬೇಡಿ. ಎರಡೂ ಪಾದದ ಮೇಲೆ ಹೆಬ್ಬೆರಳಿನಿಂದ 3 ಸೆಕೆಂಡ್ ಒತ್ತಿ ಬಿಟ್ಟಾಗ ಗುಳಿ ಉಳಿದರೆ ಅದು ನೀರು ತುಂಬಿದ ಬಾವು. ಆ ನೀರಿನಿಂದಲೇ ತೂಕ ಸರಿಯಾಗಿ ಕಾಣಬಹುದು. ತಕ್ಕಡಿ ಏನೇ ಹೇಳಲಿ, ಮಗು ಸ್ಯಾಮ್.

ಉಳಿದದ್ದು ಬೇಗ: ಭೇದಿಗೆ ಓಆರ್‌ಎಸ್ ಪೊಟ್ಟಣ ಒಂದು ಲೀಟರ್ ನೀರಿಗೆ. 6 ತಿಂಗಳು ದಾಟಿದ ಮಗುವಿಗೆ ಸತು (ಜಿಂಕ್) ಮಾತ್ರೆ 20 ಮಿ.ಗ್ರಾಂ., ದಿನಕ್ಕೊಂದು, 14 ದಿನ. ಭೇದಿ ನಿಂತರೂ ಮಾತ್ರೆ ನಿಲ್ಲಿಸಬಾರದು. ಆದರೆ ಸ್ಯಾಮ್ ಮಗುವಿಗೆ ಭೇದಿಯಾದರೆ ಅಂಗನವಾಡಿಯಲ್ಲಿ ಕಾಯದೆ ಕೂಡಲೇ ಆಸ್ಪತ್ರೆಗೆ ಕಳಿಸಿ.