ಅಂಗಡಿಯಲ್ಲಿ ಇಂಪಾಗಿದ್ದ ಸ್ಪೀಕರ್ ಮನೆಗೆ ಬಂದ ಮೇಲೆ ಯಾಕೆ ಗದ್ದಲ ಮಾಡುತ್ತದೆ?

ಪ್ರಶ್ನೆ: ಕುಮಟಾದಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಯಕ್ಷಗಾನದ ಪದ್ಯ, ಹಿಂದೂಸ್ತಾನಿ ಸಂಗೀತ ಕೇಳೋಕೆ ಅಂತ 30,000 ರೂಪಾಯಿ ಕೊಟ್ಟು ಒಂದು ಜೊತೆ ಸ್ಪೀಕರ್ ತಂದೆ. ಅಂಗಡಿಯಲ್ಲಿ ಭಾಗವತರ ಒಂದೊಂದು ಅಕ್ಷರವೂ ಬಿಡಿಸಿಟ್ಟ ಹಾಗೆ ಕೇಳುತ್ತಿತ್ತು. ಮನೆಯಲ್ಲಿ ಚಂಡೆ ಶುರುವಾದ ಕೂಡಲೇ ಎಲ್ಲ ಕಲಸುಮೇಲೋಗರ. ಆಂಪ್ಲಿಫೈಯರ್ ಬದಲಿಸಬೇಕಾ?

ಬೇಡ. ಸದ್ಯಕ್ಕೆ ಇನ್ನೊಂದು ರೂಪಾಯಿಯನ್ನೂ ಹಾಕಬೇಡಿ. ಮೊದಲು ಹಾಲ್‌ನ ನಡುವೆ ನಿಂತು ಜೋರಾಗಿ ಒಂದೇ ಒಂದು ಚಪ್ಪಾಳೆ ತಟ್ಟಿ. ಸದ್ದು 'ಟಪ್' ಅಂತ ಅಲ್ಲೇ ನಿಂತಿತೋ, ಇಲ್ಲಾ 'ಟರ್ರ್' ಅಂತ ಬಾಲ ಎಳೆಯಿತೋ ಗಮನಿಸಿ. ಬಾಲ ಎಳೆದರೆ ತೊಂದರೆ ಸ್ಪೀಕರ್‌ನದ್ದಲ್ಲ, ಕೋಣೆಯದ್ದು.

ಹೊಸ ಮನೆಗಳ ಹಾಲ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ನೆಲಕ್ಕೆ ಟೈಲ್ಸ್, ಗೋಡೆಗೆ ನುಣ್ಣನೆ ಪುಟ್ಟಿ, ತಲೆ ಮೇಲೆ ಸ್ಲ್ಯಾಬ್, ಒಂದು ಕಡೆ ದೊಡ್ಡ ಗಾಜು. ಇವು ಯಾವುವೂ ಸದ್ದನ್ನು ಹೀರುವುದಿಲ್ಲ. ಟೈಲ್ಸ್ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಒಳಗೆ ಹೋಗುತ್ತದೆ, ಉಳಿದದ್ದೆಲ್ಲ ವಾಪಸ್. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ನಾಲ್ಕು ಮೀಟರ್ ಅಗಲದ ಹಾಲ್‌ನಲ್ಲಿ ಅದು ಒಂದೇ ಸೆಕೆಂಡಿನಲ್ಲಿ ಎಂಬತ್ತಕ್ಕೂ ಜಾಸ್ತಿ ಸಲ ಗೋಡೆಗೆ ಬಡಿಯುತ್ತದೆ. ಚಂಡೆಯ ಪೆಟ್ಟು ಸೆಕೆಂಡಿಗೆ ಎಂಟು ಬೀಳುತ್ತದೆ ಅಂತ ಇಟ್ಟುಕೊಳ್ಳಿ. ಕೋಣೆ ಒಂದೊಂದು ಪೆಟ್ಟನ್ನೂ ಒಂದು ಸೆಕೆಂಡ್ ಹಿಡಿದಿಟ್ಟುಕೊಂಡರೆ, ಹೊಸ ಪೆಟ್ಟು ಬೀಳುವಾಗ ಹಿಂದಿನ ಏಳೂ ಇನ್ನೂ ಗುನುಗುತ್ತಿರುತ್ತವೆ. ಭಾಗವತರ ಸಾಹಿತ್ಯ ಅದರಡಿ ಮುಳುಗುತ್ತದೆ.

ಚಂಡೆ ಹುಟ್ಟಿದ್ದೇ ಬಯಲಿಗೆ, ಅಲ್ವಾ? ಗದ್ದೆಯಲ್ಲಿ ಆಟ ಆಗುವಾಗ ಪಕ್ಕದ ಊರಿಗೂ ಕೇಳಬೇಕು ಅಂತ ಇರುವ ವಾದ್ಯ ಅದು. ಬಯಲಿನಲ್ಲಿ ಗೋಡೆಯಿಲ್ಲ. ಪೆಟ್ಟು ಬಿತ್ತು, ಹೋಯಿತು. ಅದನ್ನೇ ಟೈಲ್ಸ್ ಹಾಕಿದ ಪೆಟ್ಟಿಗೆಯೊಳಗೆ ಕೂಡಿಹಾಕಿದರೆ ಎಷ್ಟು ಒಳ್ಳೆಯ ಸ್ಪೀಕರ್ ಆದರೂ ಸೋಲುತ್ತದೆ.

ಇದು ನನಗೆ ಗೊತ್ತಾಗಿದ್ದು ಅಡಿಕೆ ಚೀಲದಿಂದ. ಶಿರಸಿ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು. ಚಾಲಿ ಅಡಿಕೆ ತುಂಬಿದ ಗೋಣಿಚೀಲಗಳನ್ನು ಅಪ್ಪಯ್ಯ ಹಿಂದಿನ ಗೋಡೆಗೆ ಆಳೆತ್ತರ ಒಟ್ಟುತ್ತಿದ್ದರು. ಆ ದಿನಗಳಲ್ಲಿ ಕ್ಯಾಸೆಟ್‌ನಲ್ಲಿ ಮದ್ದಳೆಯ ಬೆರಳಿನ ಪೆಟ್ಟು ಕೂಡ ಬಿಡಿಬಿಡಿಯಾಗಿ ಕೇಳುತ್ತಿತ್ತು. ಚೀಲಗಳು ಪೇಟೆಗೆ ಹೋದ ಸಂಜೆ ಅದೇ ಕ್ಯಾಸೆಟ್, ಅದೇ ಟೇಪು, ಆದರೆ ಪದ್ಯ ಬಾವಿಯೊಳಗಿಂದ ಬಂದಂತೆ. ಟೇಪು ಹಾಳಾಯ್ತು ಅಂತ ನಾನು ಹೆಡ್ಡನ್ನು ಸ್ಪಿರಿಟ್ ಹಚ್ಚಿ ಒರೆಸಿದ್ದೇ ಒರೆಸಿದ್ದು. "ಚೀಲ ಇದ್ದಾಗ ಚೆನ್ನಾಗಿತ್ತಲ್ಲೋ" ಅಂತ ಆಯಿ ಹೇಳಿದಾಗಲೇ ತಲೆಗೆ ಹೊಳೆದದ್ದು.

ಎಷ್ಟೋ ವರ್ಷದ ಮೇಲೆ ಭೌತವಿಜ್ಞಾನಿ ವ್ಯಾಲೇಸ್ ಸಬೀನ್ ಬಗ್ಗೆ ಓದಿದಾಗ ಆ ಸಂಜೆ ನೆನಪಾಯಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಹೊಸ ಉಪನ್ಯಾಸ ಕೋಣೆ ಕಟ್ಟಿದ್ದರು. ಅಲ್ಲಿ ಮಾತಾಡಿದ್ದು ಯಾರಿಗೂ ಅರ್ಥವಾಗುತ್ತಿರಲಿಲ್ಲ. 1895ರಲ್ಲಿ ಇದನ್ನು ಸರಿಮಾಡಿ ಅಂತ ಸಬೀನ್ ಅವರಿಗೆ ಒಪ್ಪಿಸಿದರು. ಅವರು ರಾತ್ರಿ ಹೊತ್ತು, ಸುತ್ತ ಸದ್ದಡಗಿದ ಮೇಲೆ, ಆರ್ಗನ್ನಿನ ಒಂದು ಕೊಳವೆ ಊದಿಸಿ ನಿಲ್ಲಿಸಿ, ಸದ್ದು ಸಾಯಲು ಎಷ್ಟು ಹೊತ್ತು ಬೇಕು ಅಂತ ಅಳೆದರು. ಖಾಲಿ ಕೋಣೆಯಲ್ಲಿ ಐದೂವರೆ ಸೆಕೆಂಡ್! ಹತ್ತಿರದ ರಂಗಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು ಹಾಸುತ್ತಾ ಹೋದರು. ಮೆತ್ತೆ ಹೆಚ್ಚಿದಂತೆ ಸದ್ದು ಬೇಗ ಸಾಯುತ್ತಾ ಬಂತು. ಸಭಾಂಗಣ ಕಟ್ಟುವವರು ಇವತ್ತಿಗೂ ಬಳಸುವ ಲೆಕ್ಕ ಆ ಮೆತ್ತೆಗಳಿಂದ ಬಂದದ್ದು.

ನಿಮಗೆ ಬೇಕಾದ್ದೂ ಅದೇ. ಹತ್ತಿಯ ಒಂದು ಹಾಸಿಗೆಯನ್ನು ನೀವು ಕೂರುವ ಜಾಗದ ಹಿಂದಿನ ಗೋಡೆಗೆ ನಿಲ್ಲಿಸಿ, ಸ್ಪೀಕರ್‌ಗೂ ನಿಮಗೂ ನಡುವೆ ದಪ್ಪ ಜಮಖಾನ ಹಾಸಿ, ಅದೇ ಪದ್ಯ ಹಾಕಿ ನೋಡಿ. ವ್ಯತ್ಯಾಸ ಕಂಡರೆ ಆಮೇಲೆ ಹಾಸಿಗೆಯ ಬದಲು ಪುಸ್ತಕದ ಕಪಾಟು, ಬಟ್ಟೆಯ ಸೋಫಾ, ನೆರಿಗೆ ನೆರಿಗೆಯಾದ ದಪ್ಪ ಪರದೆ ಹಾಕಿಸಿ. ಚಾಪೆ, ತೆಳ್ಳಗಿನ ಪರದೆ ಇದಕ್ಕೆ ಸಾಲುವುದಿಲ್ಲ. ಏನೇ ಇಟ್ಟರೂ ಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಬೆರಳು ಸಂದು ಬಿಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಬೂಸ್ಟು ಹಿಡಿಯುತ್ತದೆ.

ಇನ್ನು ಸ್ಪೀಕರ್ ಎಲ್ಲಿಟ್ಟಿದ್ದೀರಿ? ಬಹಳ ಜನ ಜಾಗ ಉಳಿಸಲು ಮೂಲೆಗೆ ನೂಕುತ್ತಾರೆ. ಮೂಲೆಯ ಗೋಡೆಗಳು ತಗ್ಗು ಸ್ವರಗಳನ್ನು ಉಬ್ಬಿಸುತ್ತವೆ, ತಬಲಾದ ಡಗ್ಗಾ ಡಬ್ಬದಂತೆ ಗುಮ್ಮೆನ್ನುತ್ತದೆ. ಇದಕ್ಕೆ ಕೋಣೆಯ ಉದ್ದವೂ ಸೇರಿಕೊಳ್ಳುತ್ತದೆ. 12 ಅಡಿ ಉದ್ದದ ಕೋಣೆ ಸೆಕೆಂಡಿಗೆ ಸುಮಾರು 47 ಕಂಪನದ ಸ್ವರವನ್ನು ತಾನೇ ಎತ್ತಿ ಹಾಡುತ್ತದೆ. ಸ್ಪೀಕರ್‌ಗಳನ್ನು ಗೋಡೆಯಿಂದ ಎರಡು ಅಡಿ ಮುಂದೆ ತನ್ನಿ. ಟ್ವೀಟರ್, ಅಂದರೆ ಮೇಲಿನ ಸ್ವರಗಳನ್ನು ಹೊರಡಿಸುವ ಸ್ಪೀಕರ್‌ನ ಸಣ್ಣ ಭಾಗ, ನಿಮ್ಮ ಕಿವಿಯ ಎತ್ತರಕ್ಕಿರಲಿ. ಎರಡು ಸ್ಪೀಕರ್, ನೀವು, ಮೂರೂ ಸಮದೂರದಲ್ಲಿದ್ದರೆ ಭಾಗವತರು ನಟ್ಟನಡುವೆ ಬಂದು ಕೂತಂತೆ ಕೇಳುತ್ತದೆ. ಖರ್ಚಿಲ್ಲದೆ ಸಿಗುವ ಈ ಸುಖವನ್ನು ಯಾರೂ ಬಿಡಬಾರದು.

ಉಪಕರಣದ ಪಾಲು ಇಲ್ಲವೇ ಇಲ್ಲ ಅಂತಲ್ಲ. ಸ್ಪೀಕರ್‌ದು ದೊಡ್ಡ ಪಾಲು. ಅಂಗೈಯಗಲದ ಬ್ಲೂಟೂತ್ ಡಬ್ಬಿಯಿಂದ ಮದ್ದಳೆಯ ಎಡಗೈ ಗುಂಕಾರ ಬರುವುದೇ ಇಲ್ಲ, ಅಷ್ಟು ಗಾಳಿ ತಳ್ಳಲು ಅದಕ್ಕೆ ಆಗದು. ನಿಮ್ಮ ಸ್ಪೀಕರ್‌ಗೆ ಆ ಕೊರತೆ ಇಲ್ಲ, ಅಂಗಡಿಯಲ್ಲೇ ಕೇಳಿದ್ದೀರಲ್ಲ. ದುಬಾರಿ ವಯರ್ ಅಂತೂ ಬೇಡವೇ ಬೇಡ. ಆದರೆ ಸಮುದ್ರದ ಉಪ್ಪುಗಾಳಿಗೆ ತಾಮ್ರದ ತುದಿ ಕಿಲುಬು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ, ಒರೆಸಿ, ಬಿಗಿಯಾಗಿ ಹಾಕಿ.

ಒಂದು ತೊಂದರೆಗೆ ಮಾತ್ರ ಇದ್ಯಾವುದೂ ಮದ್ದಲ್ಲ. ಟೆರೇಸಿನ ಮೇಲೆ ತಗಡಿನ ಶೀಟ್ ಹಾಕಿಸಿದ್ದರೆ ಆಷಾಢದ ಮಳೆ ಶುರುವಾದ ಮೇಲೆ ಆಲಾಪ ಕೇಳುವುದು ಕಷ್ಟ. ವಾಲ್ಯೂಮ್ ಏರಿಸಿ ಗೆಲ್ಲೋಣ ಅಂದರೆ ಆಗುವುದಿಲ್ಲ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ಅಂಥ ರಾತ್ರಿಗಳಿಗೆ ಅಂತ ಕಿವಿ ಪೂರ್ತಿ ಮುಚ್ಚುವ ಒಂದು ಹೆಡ್‌ಫೋನ್ ತೆಗೆದಿಡಿ. ಮಳೆ ಹೊರಗೆ ಉಳಿಯುತ್ತದೆ, ತಂಬೂರಿಯ ಖರ್ಜದ, ಅಂದರೆ ತೀರಾ ತಗ್ಗು ಸ್ವರದ, ತಂತಿ ಕೊನೆಯವರೆಗೆ ಕೇಳುತ್ತದೆ.