‘ಸಾಲ ದೇಶಕ್ಕೆ ವರ’ ಎಂದನೇ ಹ್ಯಾಮಿಲ್ಟನ್?

ಪ್ರಶ್ನೆ: ಅಮೆರಿಕದ ಮೊದಲ ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ‘ರಾಷ್ಟ್ರೀಯ ಸಾಲ ಒಂದು ವರ’ ಎಂದಿದ್ದನಂತೆ. ಆ ದೇಶ ಇಂದು ಸಾಲದಲ್ಲಿ ಮುಳುಗಿರುವುದಕ್ಕೆ ಅವನೇ ಮೂಲವಲ್ಲವೇ?

ಉತ್ತರ: ಅಲ್ಲ. ಬಜೆಟ್ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ತಪ್ಪದೆ ಬರುತ್ತದೆ, ನಾನೂ ತಪ್ಪದೆ ಉತ್ತರಿಸುತ್ತಲೇ ಇದ್ದೇನೆ. ಈ ಸಲ ಪೂರ್ತಿಯಾಗಿಯೇ ಹೇಳಿಬಿಡುತ್ತೇನೆ.

ಆ ಮಾತು 1781ರ ಏಪ್ರಿಲ್‌ನಲ್ಲಿ ಅವನು ಹಣಕಾಸಿನ ಉಸ್ತುವಾರಿಗೆ ನೇಮಕಗೊಂಡಿದ್ದ ರಾಬರ್ಟ್ ಮಾರಿಸ್‌ಗೆ ಬರೆದ ಪತ್ರದ್ದು. ‘ಮಿತಿಮೀರದಿದ್ದರೆ’ ಎಂಬ ಷರತ್ತು ಅದೇ ವಾಕ್ಯದಲ್ಲಿದೆ. ಷರತ್ತನ್ನು ಕತ್ತರಿಸಿ, ಉಳಿದದ್ದನ್ನು ಮಾತ್ರ ಜನ ಹೇಳಿಕೊಂಡು ಬಂದಿದ್ದಾರೆ. 1790ರ ಜನವರಿಯಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಕೊಟ್ಟ ವರದಿಯಲ್ಲಂತೂ ಅವನು ಅನುಮಾನಕ್ಕೆ ಎಡೆಯನ್ನೇ ಬಿಟ್ಟಿಲ್ಲ. ಸಾರ್ವಜನಿಕ ಸಾಲವೆಲ್ಲ ಸಾರ್ವಜನಿಕ ಲಾಭ ಎಂಬ ವಾದ ದುಂದುಗಾರಿಕೆಗೆ ದಾರಿ ಎನ್ನುತ್ತಾನೆ. ಸಾಲ ಎತ್ತುವಾಗಲೇ ಅದನ್ನು ತೀರಿಸುವ ದಾರಿಯೂ ಗೊತ್ತಾಗಿರಬೇಕು, ಇದು ಮೂಲ ನಿಯಮವಾಗಬೇಕು ಎನ್ನುತ್ತಾನೆ. ಬರೀ ಮಾತಲ್ಲ: ಅಸಲು ತೀರಿಸಲೆಂದು ಅಂಚೆ ಇಲಾಖೆಯ ಆದಾಯವನ್ನು ಮೀಸಲಿಡಲು ಅದೇ ವರದಿಯಲ್ಲಿ ಸೂಚಿಸಿದ. 1795ರಲ್ಲಿ ಹುದ್ದೆ ಬಿಡುವ ಮುನ್ನ ಕೊಟ್ಟ ಕೊನೆಯ ವರದಿಯೂ ಸಾಲ ತೀರಿಸುವ ಯೋಜನೆಯೇ. 1835ರಲ್ಲಿ, ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಕಾಲದಲ್ಲಿ, ಅಮೆರಿಕದ ಸಾಲ ಪೂರ್ತಿ ತೀರಿಯೂ ಇತ್ತು! ಇಂದಿನ ಸಾಲವನ್ನು ಅವನ ತಲೆಗೆ ಕಟ್ಟುವವರು ಈ ಒಂದು ವರ್ಷವನ್ನಾದರೂ ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ‘ವರ’ ಯಾವುದು? ಒಕ್ಕೂಟದ್ದೂ ರಾಜ್ಯಗಳದ್ದೂ ಸೇರಿ ಸ್ವಾತಂತ್ರ್ಯ ಯುದ್ಧಕ್ಕೆಂದು ಮಾಡಿದ್ದ ಸಾಲ ಸುಮಾರು 7.9 ಕೋಟಿ ಡಾಲರ್ ಇತ್ತು. ಸಾಲಪತ್ರಗಳಿಗೆ ಕವಡೆ ಕಿಮ್ಮತ್ತು. ಆಮದು ಸುಂಕದಿಂದ ಬಡ್ಡಿ ಹೊತ್ತಿಗೆ ಸರಿಯಾಗಿ ಸಂದರೆ ಅವೇ ಪತ್ರಗಳು ಬಂಡವಾಳವಾಗುತ್ತವೆ ಎಂಬುದು ಅವನ ಲೆಕ್ಕ. 1791ರ ರಾಷ್ಟ್ರೀಯ ಬ್ಯಾಂಕನ್ನೇ ನೋಡಿ. ಒಂದು ಷೇರಿಗೆ 400 ಡಾಲರ್. ಖಾಸಗಿಯವರು ಅದರಲ್ಲಿ 100 ಡಾಲರನ್ನು ಚಿನ್ನ-ಬೆಳ್ಳಿಯಲ್ಲಿ ಕೊಟ್ಟು, ಉಳಿದ 300ಕ್ಕೆ ಸರ್ಕಾರದ ಸಾಲಪತ್ರವನ್ನೇ ಕೊಡಬಹುದಿತ್ತು. ನಿನ್ನೆ ಯಾರೂ ಮೂಸದ ಕಾಗದ ಇಂದು ಬ್ಯಾಂಕಿನ ಮೂಲಧನ. ನನಗೆ ಇಂದಿಗೂ ಬೆರಗು ಹುಟ್ಟಿಸುವ ಏರ್ಪಾಡು ಇದು.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ಸಂಬಳದ ಬದಲು ಈ ಪತ್ರಗಳನ್ನು ಪಡೆದಿದ್ದ ಸೈನಿಕರಲ್ಲಿ ಅನೇಕರು, ಹೊಟ್ಟೆಪಾಡಿಗಾಗಿ, ಸಿಕ್ಕಷ್ಟು ಬೆಲೆಗೆ ಅವನ್ನು ವರ್ತಕರಿಗೆ ಮಾರಿಬಿಟ್ಟಿದ್ದರು. ಈಗ ಪೂರ್ತಿ ಬೆಲೆ ಬಂದರೆ ಲಾಭ ಯಾರಿಗೆ? ಮೂಲ ಒಡೆಯರಿಗೂ ಪಾಲು ಕೊಡೋಣ ಎಂದು ಕಾಂಗ್ರೆಸ್ ಸದಸ್ಯ ಜೇಮ್ಸ್ ಮ್ಯಾಡಿಸನ್ ವಾದಿಸಿದ. ಪತ್ರ ಯಾರ ಕೈಯಲ್ಲಿದೆಯೋ ಅವರಿಗೇ ಹಣ, ಇಲ್ಲದಿದ್ದರೆ ನಾಳೆ ಸರ್ಕಾರದ ಪತ್ರವನ್ನು ನಂಬಿ ಕೊಳ್ಳುವವರು ಯಾರು ಎಂಬುದು ಹ್ಯಾಮಿಲ್ಟನ್ ನಿಲುವು. ಗೆದ್ದದ್ದು ಅವನೇ. ಮಾರುಕಟ್ಟೆಯ ಮಟ್ಟಿಗೆ ಅವನು ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಸೈನಿಕರಿಗೆ ಬೇರೆ ದಾರಿಯಲ್ಲಿ ನೆರವಾಗಲು ಕಾಂಗ್ರೆಸ್‌ಗೆ ಯಾವ ಅಡ್ಡಿಯೂ ಇರಲಿಲ್ಲ. ಗಾಯಾಳುಗಳಲ್ಲದ ಬಡ ಯೋಧರಿಗೆ ಪಿಂಚಣಿ ಕಾಯಿದೆ ಬಂದದ್ದು 1818ರಲ್ಲಿ.